ಸ್ಪರ್ಧೆಗೆ ಕಳಿಸುವ ಹಾಡು: ಸದ್ದು ಜೋರಾಗಲಿ, ಆದರೆ ಒಡೆಯದಿರಲಿ

ಮಾನ್ಯ ಸಂಪಾದಕರೇ,

ನವರಾತ್ರಿ, ರಾಜ್ಯೋತ್ಸವ ಹತ್ತಿರ ಬಂದರೆ ‘ಮನೆಯಲ್ಲೇ ಹಾಡಿ, ರೆಕಾರ್ಡ್ ಮಾಡಿ ಕಳಿಸಿ’ ಎನ್ನುವ ಭಾವಗೀತೆ, ದೇವರನಾಮ ಸ್ಪರ್ಧೆಗಳ ಪ್ರಕಟಣೆಗಳು ಸಾಲುಗಟ್ಟಿ ಬರುತ್ತವೆ. ವಯಸ್ಸು ಎಷ್ಟಿರಬೇಕು, ಹಾಡು ಎಷ್ಟು ನಿಮಿಷ, ಕೊನೆಯ ದಿನ ಯಾವುದು ಎಲ್ಲವನ್ನೂ ಬಿಡಿಸಿ ಬರೆದಿರುತ್ತಾರೆ. ಸದ್ದಿನ ವಿಷಯಕ್ಕೆ ಬಂದರೆ ಮಾತ್ರ ‘ಧ್ವನಿ ಜೋರಾಗಿ, ಸ್ಪಷ್ಟವಾಗಿ ಕೇಳುವಂತಿರಬೇಕು’ ಎಂಬ ಒಂದೇ ಸಾಲು. ಆ ಸಾಲನ್ನು ನಂಬಿ ಮಕ್ಕಳ ತಂದೆತಾಯಿ ಗೇನ್ (ಮೈಕಿನ ಧ್ವನಿಯನ್ನು ಏರಿಸುವ) ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾರೆ, ಇಲ್ಲವೇ ಮೊಬೈಲಿನ ಯಾವುದೋ ಆ್ಯಪ್‌ನಲ್ಲಿ ‘ವಾಲ್ಯೂಮ್ ಬೂಸ್ಟ್’ ಒತ್ತುತ್ತಾರೆ. ಹಾಡು ತಾರಸ್ಥಾಯಿಗೆ ಏರಿದ ಕೂಡಲೇ ಧ್ವನಿ ಕರಕರ ಒಡೆಯುತ್ತದೆ. ಒಳ್ಳೆಯ ಕಂಠಗಳು ಹೀಗೆ ಹಾಳಾಗಬೇಕಾದ ಅಗತ್ಯವೇ ಇಲ್ಲ. ಉಚಿತ ಸಾಫ್ಟ್‌ವೇರ್‌ನಲ್ಲೇ, ಮನೆಯ ಕೋಣೆಯಲ್ಲೇ ಒಡೆಯದಂತೆ ಜೋರು ಮಾಡಬಹುದು. ಹಾಡುವವರಿಗೆ ಅದರ ಕ್ರಮವನ್ನೂ, ಸ್ಪರ್ಧೆ ನಡೆಸುವವರಲ್ಲಿ ಒಂದು ವಿನಂತಿಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಡಿಜಿಟಲ್ ಧ್ವನಿಗೆ ಒಂದು ಮೇಲ್ಮಿತಿ ಇದೆ. ಅದನ್ನು 0 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಎಂದು ಗುರುತಿಸುತ್ತಾರೆ. ಉಳಿದ ಮಟ್ಟಗಳೆಲ್ಲ ಅದಕ್ಕಿಂತ ಕೆಳಗೆ, ಮೈನಸ್ ಲೆಕ್ಕದಲ್ಲಿ. ಅಲೆಯ ತುದಿ 0 ದಾಟಲು ಹೋದರೆ ಅಲ್ಲಿಗೇ ಕತ್ತರಿಸಿ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ತುದಿಯಿಂದ ಹಾಡಿನಲ್ಲಿ ಇಲ್ಲದ ಹೊಸ ಕಂಪನಗಳು ಹುಟ್ಟುತ್ತವೆ. ಕರಕರ ಎನ್ನುವುದು ಅದೇ. ಆದರೆ ನಮ್ಮ ಕಿವಿ ಜೋರನ್ನು ಅಳೆಯುವುದು ಈ ತುದಿಯಿಂದಲ್ಲ, ಸರಾಸರಿ ಮಟ್ಟದಿಂದ. ಮೃದಂಗದ ಒಂದು ಚಾಪು ಕೆಲವೇ ಮಿಲಿಸೆಕೆಂಡು ಮೈನಸ್ 1ನ್ನು ಮುಟ್ಟಿ ಇಳಿದುಬಿಡುತ್ತದೆ. ಅದೇ ಹೊತ್ತಿಗೆ ಗಾಯನ ಮೈನಸ್ 20ರ ಆಸುಪಾಸಿನಲ್ಲಿರುತ್ತದೆ. ಇಂಥ ಫೈಲನ್ನು ‘ನಾರ್ಮಲೈಸ್’ ಮಾಡಿದರೆ, ಅಂದರೆ ಅತಿ ಎತ್ತರದ ತುದಿ 0ಗೆ ಬರುವಷ್ಟು ಮಾತ್ರ ಎತ್ತಿದರೆ, ಚಾಪಿನ ತುದಿ 0ಗೆ ತಾಗುತ್ತದೆ, ಇಡೀ ಹಾಡು ಏರುವುದು 1 ಡಿಬಿ ಮಾತ್ರ. ‘ನಾರ್ಮಲೈಸ್ ಮಾಡಿದರೂ ಸದ್ದೇ ಬರಲಿಲ್ಲ’ ಎಂಬ ದೂರಿಗೆ ಕಾರಣ ಇದು. ಕೆಲಸ ನಡೆಯಬೇಕಾದ್ದು ತುದಿಗೂ ಸರಾಸರಿಗೂ ನಡುವಿನ ಅಂತರದಲ್ಲಿ. ಮನೆಯ ಕಚ್ಚಾ ಧ್ವನಿಮುದ್ರಣದಲ್ಲಿ ಈ ಅಂತರ 20 ಡಿಬಿ ದಾಟಿರುವುದು ಸಾಮಾನ್ಯ. ಅದನ್ನು 13ರಿಂದ 15 ಡಿಬಿಗೆ ತರಬೇಕು, ಅದೂ ಒಂದೇ ಏಟಿಗೆ ಅಲ್ಲ. ನಾಲ್ಕೈದು ಕಡೆ ಎರಡೆರಡು ಡಿಬಿಯಂತೆ ಹಂಚಿಕೊಂಡು ಮಾಡಿದರೆ ಎಲ್ಲೂ ಗುರುತು ಉಳಿಯುವುದಿಲ್ಲ.

ಶುರುವಾಗಬೇಕಾದ್ದು ಮೈಕಿನ ಮುಂದೆ. ಲೆವೆಲ್ ಹೊಂದಿಸುವಾಗ ಹಾಡಿನ ಮೊದಲ ಸಾಲು ಹಾಡಿ ನೋಡುವುದು ಎಲ್ಲರ ಅಭ್ಯಾಸ. ಅದು ಬೇಡ. ಅನುಪಲ್ಲವಿಯಲ್ಲಿ ಅಥವಾ ಚರಣದಲ್ಲಿ ಅತಿ ಎತ್ತರದ ಸಾಲು ಯಾವುದೋ ಅದನ್ನೇ ಪೂರ್ತಿ ಗಂಟಲಲ್ಲಿ ಹಾಡಿಸಿ, ಆಗ ಮೀಟರಿನ ತುದಿ ಮೈನಸ್ 12ರಿಂದ ಮೈನಸ್ 8ರ ಒಳಗೆ ನಿಲ್ಲುವಂತೆ ಗೇನ್ ಇಡಿ. ‘ಇಷ್ಟು ಕಡಿಮೆಯಾದರೆ ಗುಣಮಟ್ಟ ಹೋಗುತ್ತದಲ್ಲ’ ಎಂಬ ಭಯ 16 ಬಿಟ್ ಕಾಲದ್ದು (ಧ್ವನಿಯ ಮಟ್ಟವನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಡುತ್ತದೆ ಎಂಬುದರ ಲೆಕ್ಕವೇ ಬಿಟ್). 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಲೆಕ್ಕದ ಪ್ರಕಾರ ಸುಮಾರು 144 ಡಿಬಿ ವ್ಯಾಪ್ತಿ ಸಿಗುತ್ತದೆ. ಮನೆಯ ಕೋಣೆಯ ಗದ್ದಲವೇ ಅದರ ತಳಕ್ಕಿಂತ ಎಷ್ಟೋ ಮೇಲಿರುತ್ತದೆ. 10 ಡಿಬಿ ಕಡಿಮೆ ರೆಕಾರ್ಡ್ ಮಾಡಿ ಆಮೇಲೆ ಏರಿಸಿದರೆ ನಷ್ಟವಿಲ್ಲ. ರೆಕಾರ್ಡ್ ಮಾಡುವಾಗಲೇ ಒಡೆದ ಧ್ವನಿಯನ್ನು ಆಮೇಲೆ ತಗ್ಗಿಸಿದರೆ ಒಡಕು ಸಣ್ಣದಾಗಿ ಕೇಳುತ್ತದೆ, ಹೋಗುವುದಿಲ್ಲ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ‘ಕ್ಲಿಪ್ ಫಿಕ್ಸ್’ ಎಂಬ ಸೌಲಭ್ಯವಿದೆ. ಎಲ್ಲೋ ಒಂದೆರಡು ತುದಿ ಕತ್ತರಿಸಿದ್ದರೆ ಅದು ತೇಪೆ ಹಾಕುತ್ತದೆ. ಸಾಲಿಗೆ ಸಾಲೇ ಒಡೆದಿದ್ದರೆ ಮತ್ತೆ ಹಾಡಿಸುವುದೊಂದೇ ದಾರಿ.

ಮೈಕು ಬಾಯಿಂದ ಒಂದು ಗೇಣು ದೂರ ಇರಲಿ. ಅದಕ್ಕಿಂತ ತೀರ ಹತ್ತಿರವಾದರೆ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕುಗಳಲ್ಲಿ ಮಂದ್ರದ ಭಾಗ ಉಬ್ಬಿ ಗುಂಯ್ ಎನ್ನುತ್ತದೆ. ದೂರವನ್ನು ಎರಡರಷ್ಟು ಮಾಡಿದರೆ ನೇರ ಧ್ವನಿ ಸುಮಾರು 6 ಡಿಬಿ ಇಳಿಯುತ್ತದೆ, ಕೋಣೆಯ ಪ್ರತಿಧ್ವನಿ ಮಾತ್ರ ಅಷ್ಟೇ ಉಳಿಯುತ್ತದೆ. ಮುಂದೆ ಸದ್ದು ಏರಿಸುವಾಗ ಆ ಪ್ರತಿಧ್ವನಿಯೂ ಜೊತೆಗೇ ಏರುತ್ತದೆ. ಮೈಕನ್ನು ಬಾಯಿಗೆ ನೇರವಾಗಿ ಇಡದೆ 30 ಡಿಗ್ರಿಯಷ್ಟು ಓರೆಯಾಗಿಡಿ, ನಡುವೆ ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯುವ ಪರದೆ) ಇರಲಿ. ಕನ್ನಡ ಹಾಡಿಗೆ ಇದು ಬಹಳ ಮುಖ್ಯ: ಭ, ಫ, ಧ ಮುಂತಾದ ಮಹಾಪ್ರಾಣಗಳನ್ನು ಸರಿಯಾಗಿ ಉಚ್ಚರಿಸುವವರ ಉಸಿರು ಮೈಕಿಗೆ ಬಡಿದು, ಕಿವಿಗೆ ‘ಧಪ್’ ಎಂದು ಕೇಳುವುದಕ್ಕಿಂತಲೂ ದೊಡ್ಡ ತುದಿಯನ್ನು ಅಲೆಯಲ್ಲಿ ಎಬ್ಬಿಸುತ್ತದೆ. ಉಚ್ಚಾರ ಚೆನ್ನಾಗಿರುವವರಿಗೇ ತೊಂದರೆ ಹೆಚ್ಚು ಎಂದಾಗಬಾರದು. ಹಾಡುವವರ ಬೆನ್ನ ಹಿಂದಿನ ಬರಿಗೋಡೆಗೆ ಎರಡು ದಪ್ಪ ಕೌದಿ ಇಳಿಬಿಡಿ. ಫ್ಯಾನ್ ನಿಲ್ಲಿಸಿ, ಪಕ್ಕದ ಕೋಣೆಯ ಫ್ರಿಜ್‌ನ ಸ್ವಿಚ್ಚನ್ನೂ ಹಾಡು ಮುಗಿಯುವವರೆಗೆ ಆರಿಸಿ. ಸದ್ದನ್ನು 10 ಡಿಬಿ ಏರಿಸಿದರೆ ಫ್ಯಾನಿನ ಗಾಳಿಯೂ 10 ಡಿಬಿ ಏರುತ್ತದೆ. ಅದಕ್ಕೆ ಬೇರೆ ರಿಯಾಯಿತಿ ಇಲ್ಲ.

ಮೊಬೈಲಿನಲ್ಲೇ ರೆಕಾರ್ಡ್ ಮಾಡುವವರು ಒಂದು ವಿಷಯ ಗಮನಿಸಬೇಕು. ಬಹಳಷ್ಟು ಫೋನುಗಳು ತಾವಾಗಿಯೇ ಗೇನ್ ಏರಿಳಿಸುತ್ತವೆ. ಹಾಡು ನಿಂತಲ್ಲಿ ತಂಬೂರಿಯನ್ನು ಮೇಲೆತ್ತುತ್ತವೆ, ಸ್ವರ ಹಿಡಿದ ಕೂಡಲೇ ಎಲ್ಲವನ್ನೂ ಒತ್ತಿಹಾಕುತ್ತವೆ. ಮಾತಿಗೆ ಅನುಕೂಲ, ಸಂಗೀತಕ್ಕೆ ಶತ್ರು. ಸ್ವಯಂಚಾಲಿತ ಗೇನ್ ಮತ್ತು ನಾಯ್ಸ್ ಸಪ್ರೆಶನ್ (ಗದ್ದಲ ಅಡಗಿಸುವ ಸೌಲಭ್ಯ) ಎರಡನ್ನೂ ನಿಲ್ಲಿಸಲು ಬರುವ ಆ್ಯಪ್ ಆರಿಸಿಕೊಂಡು, ವೇವ್ ಫೈಲ್ (ಸಂಕುಚಿಸದ ಧ್ವನಿ ಫೈಲ್) ಆಗಿ, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ.

ಹಾಡು ಕೈಗೆ ಬಂದ ಮೇಲೆ ಮೊದಲು ಶುಚಿ ಮಾಡುವ ಕೆಲಸ. ಹಾಡುವ ಮುಂಚೆ ಐದು ಸೆಕೆಂಡು ಸುಮ್ಮನಿದ್ದು ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿಕೊಂಡಿದ್ದರೆ ನಾಯ್ಸ್ ರಿಡಕ್ಷನ್‌ಗೆ ಅದೇ ಮಾದರಿ. 6 ಡಿಬಿ ತಗ್ಗಿಸಿದರೆ ಸಾಕು. 15, 20 ಎಂದು ಎಳೆದರೆ ಉಸಿರು, ಗಮಕದ ಅಂಚು ಎಲ್ಲ ಮಾಯವಾಗಿ ನೀರಿನೊಳಗಿಂದ ಹಾಡಿದಂತೆ ಕೇಳುತ್ತದೆ. ಇದನ್ನು ಮುಂದೆ ಹೇಳುವ ಕಂಪ್ರೆಸರ್‌ಗಿಂತ ಮುಂಚೆಯೇ ಮುಗಿಸಬೇಕು. ಕಂಪ್ರೆಸರ್ ದಾಟಿದ ಮೇಲೆ ಗದ್ದಲದ ಮಟ್ಟ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಮಾದರಿ ಹೊಂದುವುದಿಲ್ಲ.

ಆಮೇಲೆ ಹೈ ಪಾಸ್ ಫಿಲ್ಟರ್, ಅಂದರೆ ಒಂದು ಕಂಪನಾಂಕದ ಕೆಳಗಿನದನ್ನು ತೆಗೆದುಹಾಕುವ ಸಾಧನ. ಎಲ್ಲಿ ಕತ್ತರಿಸಬೇಕು ಎನ್ನುವುದನ್ನು ಶ್ರುತಿಯೇ ಹೇಳುತ್ತದೆ. ಸಿ ಶ್ರುತಿಯಲ್ಲಿ ಹಾಡುವ ಗಂಡಸರ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್, ಮಂದ್ರ ಪಂಚಮ 98. ಆದ್ದರಿಂದ 75 ಹರ್ಟ್ಸ್‌ನ ಕೆಳಗೆ ಹಾಡಿನದ್ದು ಏನೂ ಇಲ್ಲ. ಜಿ ಶ್ರುತಿಯ ಹೆಣ್ಣುಮಕ್ಕಳ ಷಡ್ಜ 196, ಮಂದ್ರ ಪಂಚಮ ಸುಮಾರು 147. ಅವರಿಗೆ 110ರವರೆಗೂ ಕತ್ತರಿಸಬಹುದು. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ, ರಸ್ತೆಯ ಲಾರಿಯ ನಡುಕ, ಮೈಕ್ ಸ್ಟ್ಯಾಂಡಿಗೆ ಕಾಲು ತಾಗಿದ ಸದ್ದು ಎಲ್ಲ ಇದರ ಕೆಳಗೇ ಇರುತ್ತವೆ. ಮೊಬೈಲ್ ಸ್ಪೀಕರಿನಲ್ಲಿ ಇವು ಕೇಳುವುದೇ ಇಲ್ಲ, ಆದರೆ ಮೀಟರಿನಲ್ಲಿ ಜಾಗ ತಿನ್ನುತ್ತವೆ. ಅಷ್ಟು ಜಾಗವನ್ನು ಹಾಡಿಗೆ ಬಿಡಿಸಿಕೊಡುವುದೇ ಲಾಭ. ಮೃದಂಗ ಅಥವಾ ತಬಲಾ ಅದೇ ಟ್ರ್ಯಾಕಿನಲ್ಲಿದ್ದರೆ ಮಾತ್ರ 50–60ಕ್ಕಿಂತ ಮೇಲೆ ಹೋಗಬೇಡಿ. ಎಡಗೈಯ ಗುಮಕಿ ಸತ್ತುಹೋಗುತ್ತದೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ, ಎಲ್ಲರೂ ಬಿಟ್ಟುಬಿಡುವ ಕೆಲಸ: ಕೈಯಾರೆ ಮಟ್ಟ ಸರಿಮಾಡುವುದು. ಆಡಾಸಿಟಿಯ ‘ಎನ್ವಲಪ್’ ಉಪಕರಣ ಹಿಡಿದು ಹಾಡನ್ನು ಸಾಲುಸಾಲಾಗಿ ನೋಡಿ. ತಾರ ಷಡ್ಜದಲ್ಲಿ ಉಬ್ಬಿದ ಸಾಲನ್ನು 3 ಡಿಬಿ ಇಳಿಸಿ. ಸಾಲಿನ ಕೊನೆಯಲ್ಲಿ ಉಸಿರು ಸೋತು ಅಡಗುವ ಅಕ್ಷರಗಳನ್ನು 2–3 ಡಿಬಿ ಎತ್ತಿ. ಎಲ್ಲೋ ಒಂದು ‘ಧಪ್’ ಉಳಿದಿದ್ದರೆ ಅದೊಂದನ್ನೇ ಹಿಡಿದು 6 ಡಿಬಿ ತಗ್ಗಿಸಿ. ಐದು ನಿಮಿಷದ ಹಾಡಿಗೆ ಅರ್ಧ ಗಂಟೆ ಹಿಡಿಯಬಹುದು. ಯಂತ್ರಕ್ಕೆ ಮಟ್ಟ ಮಾತ್ರ ಗೊತ್ತು. ಭಾವಕ್ಕೆ ಬೇಕಾಗಿ ಮೆತ್ತಗಾದ ಸಾಲು ಯಾವುದು, ಉಸಿರು ಸಾಲದೆ ಮೆತ್ತಗಾದದ್ದು ಯಾವುದು ಎಂಬುದು ಹಾಡು ಬಲ್ಲವರಿಗೆ ಮಾತ್ರ ಗೊತ್ತು. ಇಷ್ಟು ಮಾಡಿದವರಿಗೆ ಮುಂದಿನ ಕಂಪ್ರೆಸರ್, ಲಿಮಿಟರ್‌ಗಳ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಕಂಪ್ರೆಸರ್ ಎಂದರೆ ಒಂದು ಗಡಿ ದಾಟಿದ ಸದ್ದನ್ನು ಒಂದು ಪ್ರಮಾಣದಲ್ಲಿ ಇಳಿಸುವ ಸಾಧನ. ಗಡಿ ಮೈನಸ್ 20, ಅನುಪಾತ 2ಕ್ಕೆ 1 ಎಂದಿಟ್ಟರೆ ಮೈನಸ್ 12ರಲ್ಲಿ ಬಂದ ಸ್ವರ ಗಡಿಯನ್ನು 8 ಡಿಬಿ ದಾಟಿದೆ, ಅದರಲ್ಲಿ 4 ಮಾತ್ರ ಹೊರಬರುತ್ತದೆ, ಅಂದರೆ ಮೈನಸ್ 16. ಹೀಗೆ ತೆರವಾದ 4 ಡಿಬಿಯಷ್ಟು ಇಡೀ ಹಾಡನ್ನು ಎತ್ತಬಹುದು. ಗಾಯನಕ್ಕೆ 2ಕ್ಕೆ 1 ಅಥವಾ ಎರಡೂವರೆಗೆ 1 ಸಾಕು. ಜೋರಾದ ಸಾಲುಗಳಲ್ಲಿ ಗೇನ್ ಇಳಿಕೆ 3–4 ಡಿಬಿ ದಾಟದಂತೆ ಗಡಿ ಹೊಂದಿಸಿಕೊಳ್ಳಿ. ಅಟ್ಯಾಕ್ (ಒತ್ತಲು ಹಿಡಿಯುವ ಸಮಯ) 10ರಿಂದ 20 ಮಿಲಿಸೆಕೆಂಡು, ರಿಲೀಸ್ (ಒತ್ತಿದ್ದನ್ನು ಬಿಡಲು ಹಿಡಿಯುವ ಸಮಯ) 150ರ ಆಸುಪಾಸು.

ರಿಲೀಸ್ ಸಮಯದಲ್ಲೇ ಹೆಚ್ಚಿನವರು ಎಡವುವುದು. ‘ಬೇಗ ಬಿಟ್ಟರೆ ಹೆಚ್ಚು ಜೋರು’ ಎಂದು 10 ಮಿಲಿಸೆಕೆಂಡಿಗೆ ಇಳಿಸುತ್ತಾರೆ. 131 ಹರ್ಟ್ಸ್‌ನ ಷಡ್ಜದ ಅಲೆಯ ಒಂದು ಸುತ್ತಿಗೇ ಸುಮಾರು 7.6 ಮಿಲಿಸೆಕೆಂಡು ಬೇಕು. ರಿಲೀಸ್ ಅದರ ಹತ್ತಿರಕ್ಕೆ ಬಂದರೆ ಕಂಪ್ರೆಸರ್ ಹಾಡಿನ ಏರಿಳಿತವನ್ನು ಹಿಂಬಾಲಿಸುವ ಬದಲು ಅಲೆಯ ಒಂದೊಂದು ಉಬ್ಬನ್ನೂ ಒತ್ತಿ ಆಕಾರವನ್ನೇ ಕೆಡಿಸುತ್ತದೆ. ಮೀಟರ್ 0 ಮುಟ್ಟಿರುವುದಿಲ್ಲ, ಕೆಂಪು ದೀಪ ಹೊತ್ತಿರುವುದಿಲ್ಲ, ಆದರೂ ಧ್ವನಿ ಒರಟಾಗಿರುತ್ತದೆ. ಗಂಡಸರ ಕಂಠದಲ್ಲಿ, ಮೃದಂಗದ ತೊಪ್ಪಿಯಲ್ಲಿ ಇದು ಬೇಗ ಗೊತ್ತಾಗುತ್ತದೆ. ಕಂಪಿತ ಗಮಕಗಳ ಮೇಲೂ ಇದರ ಪೆಟ್ಟು ಬೀಳುತ್ತದೆ. ಸ್ವರದ ತೂಗಾಟದ ಜೊತೆಗೇ ಬಲದಲ್ಲೂ ಸಣ್ಣ ತೂಗಾಟವಿರುತ್ತದೆ. ಆತುರದ ಕಂಪ್ರೆಸರ್ ಅದನ್ನು ಸಪಾಟು ಮಾಡಿಬಿಡುತ್ತದೆ.

ತಂಬೂರಿಯನ್ನು ಗಾಯನದ ಜೊತೆಗೆ ಒಂದೇ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ ಕಂಪ್ರೆಸ್ ಮಾಡಬೇಡಿ. ಸ್ವರ ಬಂದಾಗ ತಂಬೂರಿ ತಗ್ಗುತ್ತದೆ, ನಿಂತಾಗ ಉಬ್ಬುತ್ತದೆ; ಶ್ರುತಿಯೇ ಉಸಿರಾಡುತ್ತಿರುವಂತಾಗಿ ಕೇಳುವವರಿಗೆ ತಲೆನೋವು. ಎಲೆಕ್ಟ್ರಾನಿಕ್ ತಂಬೂರಿಯಾಗಲಿ, ಆ್ಯಪ್ ಆಗಲಿ, ಹಾಡುವವರು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಹಾಡಲಿ. ತಂಬೂರಿಯದ್ದೇ ಬೇರೆ ಟ್ರ್ಯಾಕ್ ಇಟ್ಟು, ಗಾಯನ ಸಿದ್ಧವಾದ ಮೇಲೆ ಅದಕ್ಕಿಂತ 15ರಿಂದ 20 ಡಿಬಿ ಕೆಳಗೆ ಸೇರಿಸಿ. ಪಕ್ಕವಾದ್ಯಕ್ಕೂ ಬೇರೆ ಮೈಕ್ ಇದ್ದರೆ ಸೊಗಸು. ಒಂದೇ ಮೈಕ್ ಇದ್ದರೆ ಮೃದಂಗವನ್ನು ಗಾಯಕರಿಗಿಂತ ಕನಿಷ್ಠ ಒಂದು ಮೀಟರ್ ಹಿಂದೆ ಕೂರಿಸಿ. ತುದಿಗಳನ್ನು ಅಲ್ಲೇ ತಗ್ಗಿಸಿದರೆ ಸಾಫ್ಟ್‌ವೇರ್‌ನಲ್ಲಿ ಕತ್ತರಿಸುವ ಪ್ರಮೇಯ ಬರುವುದಿಲ್ಲ.

ಮಟ್ಟ ಏರಿಸದೆಯೇ ಜೋರಾಗಿ ಕೇಳಿಸುವ ದಾರಿಯೂ ಒಂದಿದೆ. ಕಿವಿ ಎಲ್ಲ ಕಂಪನಾಂಕಗಳನ್ನೂ ಒಂದೇ ಸಮ ಕೇಳುವುದಿಲ್ಲ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. 2ರಿಂದ 5 ಕಿಲೋಹರ್ಟ್ಸ್ ನಡುವೆ ಅದು ಬಹಳ ಚುರುಕು. ಈಕ್ವಲೈಸರ್‌ನಲ್ಲಿ (ಬೇರೆ ಬೇರೆ ಕಂಪನಾಂಕಗಳನ್ನು ಬೇರೆಯಾಗಿ ಏರಿಳಿಸುವ ಸಾಧನ) 250–350 ಹರ್ಟ್ಸ್‌ನ ಗುಡಾಣದ ಭಾಗವನ್ನು 2–3 ಡಿಬಿ ಇಳಿಸಿ, 3 ಕಿಲೋಹರ್ಟ್ಸ್ ಸುತ್ತ ಒಂದೂವರೆಯಿಂದ 2 ಡಿಬಿ ಏರಿಸಿದರೆ ಸಾಹಿತ್ಯ ಮುಂದೆ ಬಂದು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಿಸಿದರೆ ಕಿವಿ ಚುಚ್ಚುತ್ತದೆ. ಸ, ಶ, ಷಗಳು ಸೀಳಿದರೆ 5ರಿಂದ 8 ಕಿಲೋಹರ್ಟ್ಸ್‌ನಲ್ಲಿ ಡಿ-ಎಸ್ಸರ್ (ಸಕಾರದ ಸೀಳನ್ನು ತಗ್ಗಿಸುವ ಸಾಧನ) ಹಾಕಿ.

ಕೊನೆಯದು ಲಿಮಿಟರ್, ಅಂದರೆ ತುದಿಗಳು ಒಂದು ಮೇಲ್ಮಿತಿ ದಾಟದಂತೆ ತಡೆಯುವ ಸಾಧನ. ಮನೆಗಳಲ್ಲಿ ಇದನ್ನೇ ಮೊದಲು ಹಾಕಿ, ಇದೊಂದರಿಂದಲೇ 12 ಡಿಬಿ ಎತ್ತಲು ನೋಡುತ್ತಾರೆ. ಒಡಕಿನ ದೊಡ್ಡ ಪಾಲು ಇಲ್ಲೇ ಹುಟ್ಟುವುದು. ಮೇಲಿನದ್ದೆಲ್ಲ ಮುಗಿಸಿ ಬಂದರೆ ಲಿಮಿಟರ್‌ನ ಗೇನ್ ಇಳಿಕೆ 2–3 ಡಿಬಿ ದಾಟಬೇಕಿಲ್ಲ, ಅದೂ ಅಲ್ಲೊಂದು ಇಲ್ಲೊಂದು ಚಾಪಿನ ಮೇಲೆ. ಪ್ರತಿ ಸಾಲಿನಲ್ಲೂ 5–6 ಡಿಬಿ ಇಳಿಸುತ್ತಿದ್ದರೆ ಹಿಂದೆ ಹೋಗಿ ಎನ್ವಲಪ್‌ನಲ್ಲಿ ಸರಿಮಾಡಿ. ಲುಕ್-ಅಹೆಡ್ (ಬರಲಿರುವ ತುದಿಯನ್ನು ಮುಂಚೆಯೇ ನೋಡುವ ಸಮಯ) 5 ಮಿಲಿಸೆಕೆಂಡು, ಮೇಲ್ಮಿತಿ 0 ಅಲ್ಲ, ಮೈನಸ್ 1 ಡಿಬಿ, ‘ಟ್ರೂ ಪೀಕ್’ ಆಯ್ಕೆಯೊಂದಿಗೆ. ಕಂಪ್ಯೂಟರ್ ತೋರಿಸುವುದು ಅಲೆಯ ಮೇಲಿನ ಬಿಡಿಬಿಡಿ ಬಿಂದುಗಳನ್ನು. ಅವನ್ನು ಕೂಡಿಸಿ ಅಲೆ ಮರಳಿ ಮೂಡುವಾಗ ಎರಡು ಬಿಂದುಗಳ ನಡುವೆ ಇನ್ನೂ ಎತ್ತರದ ತುದಿ ಇರಬಹುದು. ಎಂಪಿ3 ಅಥವಾ ಎಎಸಿಗೆ ಪರಿವರ್ತಿಸುವಾಗ ತುದಿಗಳು ಮತ್ತಷ್ಟು ಜಾರುತ್ತವೆ. ಸ್ಟುಡಿಯೋದಲ್ಲಿ ಚೆನ್ನಾಗಿ ಕೇಳಿದ್ದು ಯೂಟ್ಯೂಬಿಗೆ ಹಾಕಿದ ಮೇಲೆ ಒಡೆಯುವುದಕ್ಕೆ ಇದೇ ಸಾಮಾನ್ಯ ಕಾರಣ.

ಎಷ್ಟು ಜೋರು ಸಾಕು ಎನ್ನುವುದಕ್ಕೆ ಅಳತೆಗೋಲೂ ಇದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಕಿವಿಯ ಗ್ರಹಿಕೆಗೆ ಹೊಂದುವ ಒಂದು ಮಾನ ರೂಪಿಸಿತು. ಅದನ್ನು ಆಧರಿಸಿ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲಿ ಮೈನಸ್ 23ನ್ನು ತನ್ನ ಪ್ರಮಾಣವಾಗಿ ಇಟ್ಟುಕೊಂಡಿತು. ಈ ಅಳತೆಯ ಏಕಮಾನ ಎಲ್‌ಯುಎಫ್‌ಎಸ್, ಇಲ್ಲಿನ ಅಂಕಿಗಳು ಅದರಲ್ಲೇ. ಯೂಟ್ಯೂಬ್ ಸುಮಾರು ಮೈನಸ್ 14ಕ್ಕಿಂತ ಜೋರಾದ ಹಾಡನ್ನು ತಾನೇ ತಗ್ಗಿಸುತ್ತದೆ. ಸ್ಪಾಟಿಫೈನ ಸಾಮಾನ್ಯ ಮಟ್ಟವೂ ಮೈನಸ್ 14, ಆಪಲ್ ಮ್ಯೂಸಿಕ್‌ನದು ಮೈನಸ್ 16. ಹಾಗಾಗಿ ಹಾಡನ್ನು ಮೈನಸ್ 8ಕ್ಕೆ ಹಿಂಡಿ ಹಾಕಿದರೆ ಸಿಗುವುದು ಒಡಕು ಮಾತ್ರ. ಜೋರನ್ನು ಈ ತಾಣಗಳು ಕಿತ್ತುಕೊಳ್ಳುತ್ತವೆ. ಯೂಟ್ಯೂಬಿನ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆದರೆ ‘ಕಂಟೆಂಟ್ ಲೌಡ್‌ನೆಸ್’ ಎಂಬಲ್ಲಿ ಇದು ಕಾಣುತ್ತದೆ. ಭಾವಗೀತೆಗೆ ಮೈನಸ್ 14, ಶಾಸ್ತ್ರೀಯ ಗಾಯನಕ್ಕೆ ಮೈನಸ್ 16 ಎಂದು ಇಟ್ಟುಕೊಂಡರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಳೆಯುವಾಗ ಎರಡು ಕಡೆ ಎಚ್ಚರ ಬೇಕು. ಆಡಾಸಿಟಿಯ ‘ಲೌಡ್‌ನೆಸ್ ನಾರ್ಮಲೈಸೇಶನ್’ ಮೊದಲಿಗೆ ಮೈನಸ್ 23 ಎಂದೇ ಇರುತ್ತದೆ, ಬದಲಿಸಿಕೊಳ್ಳಿ. ಅದು ತುದಿಗಳನ್ನು ನೋಡದೆ ಇಡೀ ಹಾಡನ್ನು ಎತ್ತುತ್ತದೆ; ಆದ್ದರಿಂದ ಅದರ ನಂತರ ಲಿಮಿಟರ್ ಬೇಕೇ ಬೇಕು, ‘ವ್ಯೂ’ ಪಟ್ಟಿಯಲ್ಲಿ ‘ಶೋ ಕ್ಲಿಪಿಂಗ್’ ಸದಾ ಆನ್ ಇರಬೇಕು. ಎರಡನೆಯದು, ಮೋನೋ ಫೈಲನ್ನು ಒಂದೇ ಚಾನೆಲ್ ಎಂದು ಅಳೆದರೆ ಅದೇ ಹಾಡು ಎರಡು ಚಾನೆಲ್‌ನಲ್ಲಿ ತೋರಿಸುವುದಕ್ಕಿಂತ 3 ಕಡಿಮೆ ತೋರಿಸುತ್ತದೆ. ಮೋನೋವನ್ನು ಡ್ಯೂಯಲ್ ಮೋನೋ (ಎರಡೂ ಚಾನೆಲ್‌ನಲ್ಲಿ ಅದೇ ಧ್ವನಿ) ಎಂದು ಪರಿಗಣಿಸುವ ಆಯ್ಕೆಗೆ ಟಿಕ್ ಹಾಕದಿದ್ದರೆ ಕಾರಣವಿಲ್ಲದೆ 3 ಡಿಬಿ ಹೆಚ್ಚು ಎತ್ತಿರುತ್ತೀರಿ.

ಒಡೆದಿದೆಯೋ ಇಲ್ಲವೋ ಎಂದು ಪರೀಕ್ಷಿಸುವಾಗ ಏರಿಸಿದ ಹಾಡನ್ನು ಮೂಲದ ಮಟ್ಟಕ್ಕೇ ತಗ್ಗಿಸಿಕೊಂಡು ಎರಡನ್ನೂ ಅಕ್ಕಪಕ್ಕ ಕೇಳಿ. 1 ಡಿಬಿ ಜೋರಿದ್ದರೂ ಕಿವಿ ಅದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ. ಸಮ ಮಟ್ಟದಲ್ಲೂ ಹೊಸದು ಹಿತವಾಗಿದ್ದರೆ ಮಾತ್ರ ಕೆಲಸ ಸರಿಯಾಗಿದೆ. ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಆಗಿ ಕಳಿಸಬೇಡಿ, ವೇವ್ ಫೈಲನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಿ.

ಸ್ಪರ್ಧೆ ನಡೆಸುವ ಸಂಘಗಳಲ್ಲಿ, ಶಾಲೆಗಳಲ್ಲಿ ನನ್ನ ವಿನಂತಿ ಇರುವುದು ಇಲ್ಲೇ. ಬಂದ ಹಾಡುಗಳಲ್ಲಿ ಒಂದು ಮೈನಸ್ 9ರಲ್ಲಿ, ಇನ್ನೊಂದು ಮೈನಸ್ 24ರಲ್ಲಿ ಇದ್ದರೆ ನಡುವೆ 15 ಡಿಬಿ ವ್ಯತ್ಯಾಸ. ಒಂದರ ಹಿಂದೊಂದು ಕೇಳುವ ತೀರ್ಪುಗಾರರು ಎಷ್ಟೇ ಅನುಭವಿಗಳಾಗಿರಲಿ, ಎರಡನೆಯ ಮಗುವಿನ ಕಂಠ ಅವರಿಗೆ ಬಡವಾಗಿ ಕೇಳುತ್ತದೆ. ಇದು ಅನ್ಯಾಯ, ಮತ್ತು ಸುಲಭವಾಗಿ ತಪ್ಪಿಸಬಹುದಾದ ಅನ್ಯಾಯ. ನಿಯಮದಲ್ಲಿ ‘ಜೋರಾಗಿರಬೇಕು’ ಎಂಬ ಸಾಲು ತೆಗೆದು ‘ವೇವ್ ಫೈಲ್, ತುದಿ ಮೈನಸ್ 1 ಡಿಬಿ ದಾಟಬಾರದು, ಎಲ್ಲ ಹಾಡುಗಳನ್ನೂ ಒಂದೇ ಮಟ್ಟಕ್ಕೆ ತಂದು ಕೇಳಲಾಗುವುದು’ ಎಂದು ಬರೆಯಿರಿ. ಬಂದ ಫೈಲುಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ, ಆಡಾಸಿಟಿಯ ‘ಮ್ಯಾಕ್ರೋ’ (ಒಂದೇ ಕೆಲಸವನ್ನು ಹಲವು ಫೈಲುಗಳ ಮೇಲೆ ನಡೆಸುವ) ಸೌಲಭ್ಯದಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್‌ನ್ನು ಮೈನಸ್ 23ಕ್ಕೆ ಇಟ್ಟು, ಮೋನೋ ಟಿಕ್ ಮರೆಯದೆ ಒಮ್ಮೆಗೇ ಓಡಿಸಿ. ಮೈನಸ್ 14 ಅಲ್ಲ, ಮೈನಸ್ 23 ಎನ್ನಲು ಕಾರಣವಿದೆ: ಮೆತ್ತಗಿನ ಹಾಡುಗಳನ್ನು ಎತ್ತುವ ಬದಲು ಜೋರಾದವನ್ನು ಇಳಿಸಿದಂತಾಗುತ್ತದೆ, ತುದಿಗೂ ಸರಾಸರಿಗೂ 22 ಡಿಬಿ ಅಂತರವಿರುವ ಕಚ್ಚಾ ಹಾಡು ಕೂಡ ಒಡೆಯದೆ ಒಳಗೆ ಕೂರುತ್ತದೆ, ಯಾರ ಹಾಡಿಗೂ ಲಿಮಿಟರ್ ಹಾಕಬೇಕಾಗುವುದಿಲ್ಲ. ಕೇಳುವ ಕೋಣೆಯ ಸ್ಪೀಕರ್ ವಾಲ್ಯೂಮನ್ನು ಮೊದಲ ಹಾಡಿಗೆ ಹಿತವಾಗುವಷ್ಟು ಏರಿಸಿ, ಕೊನೆಯ ಹಾಡು ಮುಗಿಯುವವರೆಗೆ ಆ ಗುಂಡಿಯನ್ನು ಮುಟ್ಟದಿರಿ.

ಇಂತಿ,
ಒಬ್ಬ ಧ್ವನಿಮುದ್ರಣ ತಂತ್ರಜ್ಞ, ಮೈಸೂರು